ಮೇಣದ ಚೌಕ

ನಾಲ್ಕು ಮೈಕ್ರಾನ್.
ಇನ್ನೂ ದಪ್ಪ ಕೊಯ್ದರೆ ಜೀವಕೋಶದ ಮೇಲೆ ಜೀವಕೋಶ ಕೂತು
ಯಾರ ಮುಖವೂ ಕಾಣುವುದಿಲ್ಲ.
ಇನ್ನೂ ತೆಳುವಾದರೆ ಹರಿಯುತ್ತದೆ.
ಮಾರ್ಯುನ್ ಚೌಕವನ್ನು ಮಂಜುಗಡ್ಡೆಯ ಮೇಲೆ ತಣಿಸಿ
ಅಲಗಿನ ಎದುರು ಕೂರಿಸಿ ಚಕ್ರ ತಿರುಗಿಸುತ್ತಾಳೆ.
ಈರುಳ್ಳಿ ಸಿಪ್ಪೆಯ ಹಾಗೆ ಸುರುಳಿ ಬಂದ ಮೇಣ
ಬೆಚ್ಚನೆ ನೀರಿಗೆ ಬಿದ್ದೊಡನೆ ಮೈಚಾಚುತ್ತದೆ.
ಗಾಜಿನ ಮೇಲೆ ಎತ್ತಿಕೊಳ್ಳುತ್ತಾಳೆ, ಕೆನೆ ಎತ್ತಿದಂತೆ,
ಉಸಿರು ಹಿಡಿದು.

ಕಿಟಕಿಯಾಚೆ ತೋರ್ಸ್‌ಹಾವ್ನ್ ಬಂದರು, ಮಂಜಿನೊಳಗೆ.
ಮರವಿಲ್ಲದ ನೆಲ, ಗಾಳಿ ಎತ್ತಲಿನದೆಂದು ಹುಲ್ಲನ್ನು ಕೇಳಬೇಕು.
ಈ ದ್ವೀಪಗಳಲ್ಲಿ ಕರುಳಿನ ಉರಿಯೂತ ಹೆಚ್ಚು.
ತಿಮಿಂಗಿಲದ ಕೊಬ್ಬೇ, ಗಾಳಿಗೆ ಒಣಗಿದ ಕುರಿಮಾಂಸವೇ,
ತಲೆತಲಾಂತರ ಅದೇ ನಾಲ್ಕು ಮನೆಗಳ ನಡುವೆ
ಕೊಟ್ಟು ತಂದ ಸಂಬಂಧಗಳೇ?
ಪ್ರತಿ ಅಜ್ಜಿಯ ಬಳಿಯೂ ಒಂದು ಉತ್ತರ,
ಪ್ರತಿ ಡಾಕ್ಟರ ಬಳಿಯೂ ಅನುದಾನದ ಒಂದು ಅರ್ಜಿ.

ಇವತ್ತಿನ ಚೌಕಗಳು ಮೂರು, ಒಬ್ಬನವೇ.
ಎಂಬತ್ತೇಳರ ದೊಡ್ಡಕರುಳಿನ ಚೂರು.
ತೊಂಬತ್ತೊಂಬತ್ತರ ಇನ್ನೊಂದು.
ಎರಡು ಸಾವಿರದ ಹನ್ನೊಂದರ ಕತ್ತಿನ ಗಂಟು.
ಹೆಸರಿಲ್ಲ. ಸಂಖ್ಯೆ, ಹುಟ್ಟಿದ ವರ್ಷ, ದ್ವೀಪ, ಅಷ್ಟೆ.
ಹೆಸರು ಅಳಿಸಿದವರು ಕೋಪನ್‌ಹೇಗನ್ನಿನವರು.
ಊರಿಗೆ ಊರೇ ಒಂದು ದೋಣಿಯಲ್ಲಿ ಹಿಡಿಸುವ ಕಡೆ
ಹುಟ್ಟಿದ ವರ್ಷವೇ ಹೆಸರೆಂದು ಅವರಿಗೆ ಹೊಳೆದಿಲ್ಲ.

ಫುಗ್ಲೊಯ್. ಸಾವಿರದ ಒಂಬೈನೂರ ಐವತ್ತೆರಡು.
ಆ ವರ್ಷ ಅಲ್ಲಿ ಹುಟ್ಟಿದ್ದು ಒಂದೇ ಗಂಡು:
ಹಾನುಸ್, ಅಂಚೆದೋಣಿಯವನು.
ಅಲೆ ಇಳಿಯುವ ಗಳಿಗೆ ಕಾದು
ಶಾಲೆಯ ಮಕ್ಕಳನ್ನು ಕಂಕುಳಲ್ಲಿ ಅವಚಿ ಬಂಡೆಗೆ ದಾಟಿಸುತ್ತಿದ್ದವ.
ದಾಟಿಸಿದ್ದೇ, ದೋಣಿ ಕಟ್ಟಿ, ಓಡುತ್ತಿದ್ದ
ಮೀನಿನ ಗೋದಾಮಿನ ಹಿಂದಕ್ಕೆ.
ಮಕ್ಕಳು ನಗುತ್ತಿದ್ದರು.
ಮಾರ್ಯುನಳೂ.

ಆ ಓಟದ ಕಾರಣ ಈಗ ನೇರಳೆ ಬಣ್ಣದಲ್ಲಿ ಕಾಣುತ್ತದೆ:
ಸಾಲಾಗಿ ಇರಬೇಕಿದ್ದ ಗುಳಿಗಳೆಲ್ಲ
ಹಂದಿ ಹೊಕ್ಕ ಗದ್ದೆ.

ಮೂರು ವಾರಕ್ಕೆ ಅಕ್ಷರಗಳು ಬಂದವು.
ಬೆಂಕಿ ನಂದಿಸಲೆಂದೇ ಇರುವ ಒಂದು ಜೀನು.
ಎಂಬತ್ತೇಳರಲ್ಲಿ ಅದರ ಕಾಗುಣಿತ ಸರಿ.
ತೊಂಬತ್ತೊಂಬತ್ತರಲ್ಲಿ, ನೂರು ಸಲ ಓದಿದರೆ ಎರಡು ಸಲ,
ಒಂದಕ್ಷರ ತಪ್ಪು.
ಕತ್ತಿನ ಗಂಟಿನಲ್ಲಿ ಎಲ್ಲಿ ಓದಿದರೂ ಅದೇ ತಪ್ಪು,
ಇಡೀ ತರಗತಿ ಒಬ್ಬನಿಂದ ಕಾಪಿ ಹೊಡೆದಂತೆ.

ಹನ್ನೆರಡು ವರ್ಷದ ಉರಿಯೇ ಆ ಅಕ್ಷರ ಸುಟ್ಟಿತೆ?
ಉರಿ ಆರಲೆಂದು ದಿನವೂ ನುಂಗಿದ ಬಿಳಿ ಮಾತ್ರೆ
ಕಾವಲಿನವನನ್ನೂ ಮಲಗಿಸಿತೆ?
ವರದಿ ಹೇಳುತ್ತದೆ: ಒಬ್ಬನೇ ರೋಗಿ, ನಿರ್ಣಯಿಸಲಾಗದು.
ಖಚಿತವಾಗಿರುವುದು ಕೊನೆಯ ಸಾಲು:
ಈ ತಪ್ಪು ಹುಟ್ಟಿನಿಂದ ಬಂದದ್ದಲ್ಲ,
ಮಕ್ಕಳಿಗೆ ದಾಟುವಂಥದ್ದೂ ಅಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕೂರುವವಳು ಬೈಂಟಾ,
ಹಾನುಸನ ಮಗಳು.
ಸ್ಕಾರ್ಫಿನೊಳಗೆ ಎರಡು ಬೆರಳು, ದಿನವೂ,
ಹಿಟ್ಟಿನಲ್ಲಿ ಕಲ್ಲು ಹುಡುಕಿದಂತೆ.
ಮಗು ಬೇಡ ಅಂದಿದ್ದಾಳೆ ಗಂಡನಿಗೆ:
ಅಪ್ಪನದು ನನ್ನಲ್ಲೇ ನಿಲ್ಲಲಿ.

ಮಾರ್ಯುನಳ ಸಹಿ ಇದೆ ಒಂದು ಕಾಗದದ ಕೆಳಗೆ:
ಸಂಖ್ಯೆಯ ಹಿಂದಿನ ಮನುಷ್ಯನನ್ನು ಹುಡುಕಲಾರೆ,
ಕಂಡರೆ ಬಾಯಿ ಬಿಡಲಾರೆ.
ದುಃಖದ ಸುದ್ದಿಯನ್ನು ನುಂಗಿದ್ದಾಳೆ ಎಷ್ಟೋ ಸಲ, ಅದು ಇಳಿಯುತ್ತದೆ.
ಇದು ಇಳಿಯುತ್ತಿಲ್ಲ.
ಕರುಳು ಚುರ್ರೆನ್ನುತ್ತದೆ. ಯಾವ ಅಲಗಿಗೂ ಸಿಗದ ಕರುಳು.

ಬಸ್ಸು ಸುರಂಗ ಹೊಕ್ಕು ಸಮುದ್ರದ ಅಡಿಗೆ ಇಳಿಯುತ್ತದೆ.
ಕಿವಿ ಕಟ್ಟುತ್ತದೆ.
"ಇವತ್ತೇನು ಕೊಯ್ದೆ?" ಬೈಂಟಾ ಸುಮ್ಮನೆ ಕೇಳುತ್ತಾಳೆ.
"ಮೇಣ," ಅನ್ನುತ್ತಾಳೆ ಮಾರ್ಯುನ್.
ಸ್ಕಾರ್ಫಿನೊಳಗಿನ ಆ ಕೈ ಹಿಡಿದು ಹೊರಗೆಳೆದು
ತನ್ನ ಕೋಟಿನ ಜೇಬಿಗೆ ತುರುಕಿಕೊಳ್ಳುತ್ತಾಳೆ,
ಆಚೆ ದಡ ಬರುವ ತನಕ
ಬಿಡದೆ.